ಗುಂಡುಕಲ್ಲಿನ ಎದೆ

ಅವಳಿಗೆ ಆಗ ಆರು ವರ್ಷ, ತಮ್ಮನಿಗೆ ನಾಲ್ಕು. ಆಸ್ಪತ್ರೆಯ ಮೂರನೇ ಮಹಡಿಯ ಕೋಣೆಯಲ್ಲಿ ಅಪ್ಪ ಅಮ್ಮ ಡಾಕ್ಟರ ಮುಂದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತಮ್ಮ ಅಮ್ಮನ ತೊಡೆಯ ಮೇಲಿದ್ದ. ಇವಳು ತಮ್ಮನ ಚಪ್ಪಲಿ ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಚೀಟಿಯ ಹಿಂಬದಿಯಲ್ಲಿ ಡಾಕ್ಟರು ಎರಡು ದುಂಡು ಬರೆದರು. ಒಂದರೊಳಗೆ ಮೂರು ಎಸಳು, ಇನ್ನೊಂದರೊಳಗೆ ಎರಡು.

"ಹೃದಯದಿಂದ ರಕ್ತ ಹೊರಗೆ ಹೋಗೋ ಕಡೆ ಒಂದು ಬಾಗಿಲಿದೆ. ಎಲ್ಲರಿಗೂ ಅದಕ್ಕೆ ಮೂರು ಎಸಳು ಇರುತ್ತೆ. ನಿಮ್ಮ ಮಗನಿಗೆ ಹುಟ್ಟಿನಿಂದ ಎರಡೇ. ಅವೂ ಅಂಚಿನಲ್ಲಿ ಅಂಟಿಕೊಂಡುಬಿಟ್ಟಿವೆ. ಬಾಗಿಲು ಪೂರ್ತಿ ತೆರೆಯಲ್ಲ, ಪ್ರತಿ ಸಲ ಹೃದಯ ಭುಜ ಕೊಟ್ಟು ತಳ್ಳಬೇಕು. ಅದಕ್ಕೇ ನಾಲ್ಕು ಹೆಜ್ಜೆ ಓಡಿದ್ರೆ ಸುಸ್ತಾಗ್ತಾನೆ."

ತೊಡೆಯ ರಕ್ತನಾಳದಿಂದ ಒಂದು ತೆಳು ಕೊಳವೆ ಒಳಗೆ ಬಿಟ್ಟು, ಅದರ ತುದಿಯ ಬಲೂನು ಊದಿಸಿ ಬಾಗಿಲನ್ನು ಅಗಲ ಮಾಡಬಹುದು, ಎದೆ ಕೊಯ್ಯುವುದು ಬೇಕಿಲ್ಲ ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಾನು ಏನು ತಪ್ಪು ಮಾಡಿದೆನೆಂದು ಕೇಳಿದಳು.

"ತಪ್ಪು ಯಾರದೂ ಅಲ್ಲ. ಆದ್ರೆ ಇದು ರಕ್ತಸಂಬಂಧದಲ್ಲಿ ಬರೋದುಂಟು. ಕೆಲವರಿಗೆ ವರ್ಷಗಟ್ಟಲೆ ಗೊತ್ತೇ ಆಗಲ್ಲ. ನೀವಿಬ್ಬರೂ ಒಂದ್ಸಲ ಎದೆಯ ಸ್ಕ್ಯಾನ್ ಮಾಡಿಸ್ಕೊಳ್ಳಿ. ಆ ಹುಡುಗೀದೂ ಮಾಡ್ಸಿ."

"ನನಗೇನು ಧಾಡಿ ಡಾಕ್ಟ್ರೇ?" ಅಂದ ಅಪ್ಪ.

ಅಮ್ಮ ತಿರುಗಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಇವಳಿಗೆ ಏನಾಗುತ್ತೆ? ಗುಂಡುಕಲ್ಲು ಇದ್ದ ಹಾಗಿದಾಳೆ."

ಹುಡುಗಿಗೆ ಅದು ಹೊಗಳಿಕೆ ಅನಿಸಿತು. ಅಮ್ಮನ ಬಾಯಿಂದ ಅಂಥದ್ದು ಬರುವುದು ಅಪರೂಪ. ಅವಳು ಇನ್ನಷ್ಟು ನೆಟ್ಟಗೆ ನಿಂತಳು. ಡಾಕ್ಟರು ಆದರೂ ಬರೆದುಕೊಟ್ಟರು; ಆ ಚೀಟಿ ಮಗನ ನೀಲಿ ಫೈಲಿನೊಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಆ ದಿನದಿಂದ ಅವಳು ಮನೆಯಲ್ಲಿ ಗುಂಡು. ತಮ್ಮ ಮರಿ.

ಮರಿಗೆ ಬಲೂನು ಹಾಕಿದರು, ಬಾಗಿಲು ಅಗಲವಾಯಿತು. ಅತಿಯಾಗಿ ಆಯಾಸ ಮಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅಮ್ಮ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಮರಿ ಅಳಬಾರದು. ಮರಿ ಮೆಟ್ಟಿಲು ಹತ್ತಬಾರದು. ಮರಿಗೆ ಯಾರೂ ಇಲ್ಲ ಅನ್ನಬಾರದು. ಅವನು ಅತ್ತರೆ ಅಳಿಸಿದ್ದು ಗುಂಡುವೇ ಎಂದು ತೀರ್ಮಾನ. ಅಮ್ಮ ಕೂಲಿಗೆ ತಂದ ಶರ್ಟುಗಳ ಗುಂಡಿ ಹೊಲಿಯುತ್ತ ಕೂತಲ್ಲಿಂದಲೇ ಅಳತೆಕೋಲು ಬೀಸುತ್ತಿದ್ದಳು. ಮರಿ ದಡ್ಡನಲ್ಲ. ಎದೆಯ ಮೇಲೆ ಕೈಯಿಟ್ಟು "ಅಮ್ಮಾ, ಢವಢವ ಅಂತಿದೆ" ಅಂದರೆ ಬೇಕಾದ್ದು ಸಿಗುತ್ತದೆಂದು ಐದು ತುಂಬುವುದರೊಳಗೆ ಕಲಿತಿದ್ದ. ಅಕ್ಕನಿಗೆ ಏಟು ಬೀಳುವುದನ್ನು ನೋಡುವುದೂ ಅವನಿಗೆ ಬೇಕಾದ್ದರಲ್ಲಿ ಒಂದು.

ಮನೆ ಇದ್ದದ್ದು ಒಂದು ಹಳೇ ಕಟ್ಟಡದ ಮೂರನೇ ಅಂತಸ್ತಿನಲ್ಲಿ. ಶಾಲೆ ಬಿಟ್ಟ ಮೇಲೆ ಅವನನ್ನು ಬೆನ್ನ ಮೇಲೆ ಹೊತ್ತು ಹತ್ತುವುದು ಗುಂಡುವಿನ ಕೆಲಸ. ಅವನಿಗೆ ಏಳಾಗುವ ಹೊತ್ತಿಗೆ ಚೆನ್ನಾಗಿ ಮೈ ಬಂದಿತ್ತು. ಹಿಮ್ಮಡಿಯಿಂದ ಅವಳ ಪಕ್ಕೆಗೆ ಒದ್ದು "ಹೂಂ, ನಡಿ ನಡಿ" ಅನ್ನುತ್ತಿದ್ದ. ಒಂದು ಮಧ್ಯಾಹ್ನ ಎರಡನೇ ಅಂತಸ್ತಿನ ತಿರುವಿನಲ್ಲಿ ಅವಳ ಕಣ್ಣಿಗೆ ಕತ್ತಲೆ ಕವಿಯಿತು. ಗೋಡೆ ಹಿಡಿದು ಅವನನ್ನು ಕೆಳಗಿಳಿಸಿದಳು.

"ಅಮ್ಮಾ, ಇವಳು ನನ್ನ ನಡೆಸ್ತಿದಾಳೆ," ಅಂತ ಮರಿ ಮೇಲಕ್ಕೆ ಮುಖ ಮಾಡಿ ಕೂಗಿದ.

ಅಮ್ಮ ಇಳಿದು ಬಂದು ಮೊದಲು ಮಗನನ್ನು ಎತ್ತಿಕೊಂಡಳು, ಆಮೇಲೆ ಮಗಳ ಕೆನ್ನೆಗೆ ಬಾರಿಸಿದಳು.

"ಕಣ್ಣು ಕತ್ತಲೆ ಬಂತಮ್ಮ."

"ಬರುತ್ತೆ ಬರುತ್ತೆ. ಕೆಲಸ ಅಂದ್ರೆ ಎಲ್ಲಾ ಬರುತ್ತೆ ನಿನಗೆ."

ಮರಿಗೆ ಒಂಬತ್ತಾದಾಗ ಇನ್ನೊಂದು ಸಲ ಬಲೂನು ಹಾಕಿದರು. ಈ ಸಲ ಡಾಕ್ಟರು ಬಹಳ ಖುಷಿಯಾಗಿ, ಇನ್ನು ಇವನು ಓಡಲಿ ಆಡಲಿ, ಭಾರ ಎತ್ತುವುದೊಂದು ಬೇಡ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ ಅಂದರು. ಅಮ್ಮನ ಕಿವಿಗೆ ಬಿದ್ದದ್ದು ಭಾರದ ಮಾತು ಮಾತ್ರ. ಮೀಸೆ ಬಂದ ಮೇಲೂ ಮರಿ ಒಂದು ಬಕೆಟ್ ನೀರು ಎತ್ತಲಿಲ್ಲ. ಬೀದಿಯಲ್ಲಿ ಮಾತ್ರ ಕತ್ತಲಾಗುವ ತನಕ ಚೆಂಡು ಒದೆಯುತ್ತಿದ್ದ.

ಅಪ್ಪ ಒಂದು ಎತ್ತರದ ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದ. ದಿನವಿಡೀ ಮೇಲೆ ಕೆಳಗೆ ಓಡಾಡಿಯೂ ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ. ಗುಂಡುವಿಗೆ ಹದಿನಾರಾದ ವರ್ಷ ಒಂದು ದಿನ ಲಿಫ್ಟ್ ಕೆಟ್ಟಿತು. ಆರನೇ ಮಹಡಿಯ ಸಾಹೇಬರಿಗೆ ನೀರಿನ ಕ್ಯಾನು ಹೊತ್ತು ಹತ್ತುತ್ತಿದ್ದವನು ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು ಎಲ್ಲರೂ. ಯಾರೂ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ, ಯಾರಿಗೂ ಆ ನೀಲಿ ಫೈಲು ನೆನಪಾಗಲಿಲ್ಲ.

ಮುಂದಿನ ವಾರವೇ ಗುಂಡು ಶಾಲೆ ಬಿಟ್ಟು ಲಾಂಡ್ರಿಗೆ ಸೇರಿದಳು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ದೊಡ್ಡ ಲಾಂಡ್ರಿ. ಒಂದು ಕಡೆ ಸಾಲಾಗಿ ಒಗೆಯುವ ಯಂತ್ರಗಳು, ಮಧ್ಯೆ ಹಿಂಡುವ ಯಂತ್ರ, ಅಲ್ಲಿಂದ ಒಂದು ಏರಿನ ದಾರಿಯಲ್ಲಿ ಒದ್ದೆ ಬಟ್ಟೆಯ ತಳ್ಳುಗಾಡಿ ತಳ್ಳಿಕೊಂಡು ಹೋದರೆ ಇಸ್ತ್ರಿ ಕೋಣೆ. ಅಲ್ಲಿ ಮನುಷ್ಯರ ಉದ್ದದ ಬಿಸಿ ರೋಲರು. ಈ ಕಡೆಯಿಂದ ಇಬ್ಬರು ಬೆಡ್‌ಶೀಟಿನ ಅಂಚು ಹಿಡಿದು ಒಳಗೆ ಬಿಡಬೇಕು, ಆ ಕಡೆ ಇಬ್ಬರು ಹಿಡಿದು ಮಡಚಬೇಕು. ಮೈಕಟ್ಟು ನೋಡಿ ಸೂಪರ್‌ವೈಸರ್ ಅವಳನ್ನು ತಳ್ಳುಗಾಡಿಗೇ ಹಾಕಿದ. ಹನ್ನೆರಡು ವರ್ಷ ತಳ್ಳಿದಳು.

ಮಧ್ಯೆ ಒಂದು ಸಲ, ಅವಳಿಗೆ ಇಪ್ಪತ್ತಮೂರಾಗಿದ್ದಾಗ, ಲಾಂಡ್ರಿಯ ವ್ಯಾನ್ ಡ್ರೈವರ್ ಮನೆಗೆ ಬಂದು ಹೆಣ್ಣು ಕೇಳಿದ. ತೊದಲು ಮಾತಿನ, ಒಳ್ಳೇ ಮನುಷ್ಯ. ಅಮ್ಮ ಅವನಿಗೆ ಟೀ ಕೊಟ್ಟಳು, ಯೋಚಿಸಿ ಹೇಳುತ್ತೇನೆ ಅಂದಳು, ಅವನು ಮೆಟ್ಟಿಲಿಳಿಯುವ ಮುಂಚೆಯೇ ಮಗಳಿಗೆ ಹೇಳಿದಳು, "ನೀನು ಹೋದ್ರೆ ಮರಿನ ನೋಡೋರ್ಯಾರು?" ಅವನು ಒಂದು ವರ್ಷ ಕಾದು ಬೇರೆ ಮದುವೆಯಾದ. ಅದಾದ ಮೇಲೂ ದಿನಾ ಬೆಳಿಗ್ಗೆ ಅವಳ ಗಾಡಿಗೆ ಕೈ ಹಚ್ಚಿ ಏರು ದಾಟಿಸಿ ಹೋಗುತ್ತಿದ್ದ. ಆಮೇಲೆ ಅವನಿಗೆ ಬೇರೆ ಊರಿನ ರೂಟು ಬಂತು.

ಆಗಿನಿಂದ ಆ ಏರು ಅವಳಿಗೆ ಉದ್ದವಾಗುತ್ತ ಹೋಯಿತು. ಅರ್ಧಕ್ಕೆ ನಿಂತು ಬಾಯಲ್ಲಿ ಉಸಿರೆಳೆದುಕೊಳ್ಳಬೇಕು. ಆವಿಯ ಸೆಕೆ ಅಂದುಕೊಂಡಳು. "ಏನು ರಾಣಿ, ಗಾಳಿ ಸೇವನೆನಾ?" ಅನ್ನುತ್ತಿದ್ದ ಸೂಪರ್‌ವೈಸರ್. ಮಡಚುವ ಮೇಜಿನ ಹಿರಿಯ ಹೆಂಗಸೊಬ್ಬಳು, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದವಳು, ಡಾಕ್ಟರಿಗೆ ತೋರಿಸು ಅಂದಳು. ಗುಂಡು ನಕ್ಕುಬಿಟ್ಟಳು. "ನನಗೇನಾಗುತ್ತೆ ಅಕ್ಕ? ನಾನು ಗುಂಡುಕಲ್ಲು." ಅಮ್ಮನ ಮಾತು ಅಷ್ಟು ಹೊತ್ತಿಗೆ ಅವಳದೇ ಮಾತಾಗಿತ್ತು.

ಇಪ್ಪತ್ತೆಂಟರಲ್ಲಿ ಒಂದು ಬೆಳಿಗ್ಗೆ ಇಸ್ತ್ರಿ ಕೋಣೆಯಲ್ಲಿ ಆಳು ಕಡಿಮೆಯಿತ್ತು. ಗಾಡಿ ತಳ್ಳಿಕೊಂಡು ಬಂದವಳನ್ನು ಹಾಗೇ ರೋಲರಿನ ಮುಂದೆ ನಿಲ್ಲಿಸಿದರು. ಇನ್ನೂ ಏದುಸಿರು ಇಳಿದಿರಲಿಲ್ಲ. ಎರಡನೇ ಬೆಡ್‌ಶೀಟು ಒಳಗೆ ಬಿಡುವಾಗ ಕಣ್ಣು ಕತ್ತಲಾಯಿತು, ಮುಂದಕ್ಕೆ ಮುಗ್ಗರಿಸಿದಳು. ಮುಂಗೈ ಬಿಸಿ ರೋಲರಿಗೆ ಅಂಟಿತು. ಅಕ್ಕ ಓಡಿ ಬಂದು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು, ಇಲ್ಲದಿದ್ದರೆ ಕೈಯೇ ಹೋಗುತ್ತಿತ್ತು. ಸೂಪರ್‌ವೈಸರ್ ಮೊದಲು ಬೆಡ್‌ಶೀಟು ಸುಟ್ಟಿದೆಯೇ ಎಂದು ನೋಡಿದ.

ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆ ಮುಲಾಮು ಹಚ್ಚಿದವಳು ಈಗಷ್ಟೇ ಕೆಲಸಕ್ಕೆ ಬಂದ ಎಳೆ ಡಾಕ್ಟರು. ಬ್ಯಾಂಡೇಜು ಸುತ್ತುತ್ತ, ಬಿದ್ದದ್ದು ಹೇಗೆಂದು ಕೇಳಿದಳು. ಕೇಳಿ, ಕೊರಳಲ್ಲಿದ್ದ ಸ್ಟೆತಾಸ್ಕೋಪು ತೆಗೆದು ಗುಂಡುವಿನ ಎದೆಗಿಟ್ಟಳು. ಒಂದು ಕಡೆ ಇಟ್ಟಳು, ಇನ್ನೊಂದು ಕಡೆ ಇಟ್ಟಳು, ಕತ್ತಿನ ಬುಡಕ್ಕೆ ಇಟ್ಟಳು. ಮುಖದ ನಗು ಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ಆ ಎದೆಗೆ ಒಬ್ಬರು ಕಿವಿ ಕೊಟ್ಟದ್ದು ಅದೇ ಮೊದಲು.

ಮರುದಿನ ಸ್ಕ್ಯಾನ್ ಆಯಿತು. ಹಿರಿಯ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಎರಡೇ ಎಸಳು. ವರ್ಷಗಳಿಂದ ಸುಣ್ಣಗಟ್ಟಿ ಗಡುಸಾಗಿ ಕದಲದೆ ನಿಂತಿದ್ದವು. ನಡುವೆ ಒಂದು ಸೀಳು, ಅಷ್ಟರಲ್ಲೇ ರಕ್ತ ನುಗ್ಗಬೇಕು. ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗಿತ್ತು.

"ಮನೇಲಿ ಯಾರಿಗಾದ್ರೂ ಇತ್ತಾ?"

"ತಮ್ಮನಿಗೆ."

"ಹಾಗಿದ್ರೆ ನಿಮ್ಮನ್ನೂ ಆಗಲೇ ನೋಡಬೇಕಿತ್ತಲ್ಲ. ಯಾರೂ ಹೇಳಲಿಲ್ವಾ? ಚಿಕ್ಕವರಿದ್ದಾಗ ಬಂದಿದ್ರೆ ಬಲೂನಲ್ಲೇ ಮುಗೀತಿತ್ತು ಅನ್ಸುತ್ತೆ. ಈಗ ಎದೆ ತೆರೆದು ಬಾಗಿಲೇ ಬದಲಾಯಿಸಬೇಕು."

ಅಮ್ಮ ವಾರ್ಡಿಗೆ ಬಂದಾಗ, ಹಾಸಿಗೆಯ ಪಕ್ಕ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ, ಗುಂಡು ಮೆಲ್ಲಗೆ ಮಾತು ತೆಗೆದಳು.

"ಅಮ್ಮ, ಅವತ್ತು ಡಾಕ್ಟ್ರು ನನಗೂ ಮಾಡ್ಸಿ ಅಂದಿದ್ರು."

"ಯಾವತ್ತು?"

"ನಾನು ಮರಿ ಚಪ್ಪಲಿ ಹಿಡ್ಕೊಂಡು ನಿಂತಿದ್ದೆ."

ಅಮ್ಮ ಹೊದಿಕೆಯ ಅಂಚನ್ನು ಸರಿಮಾಡಿದಳು. "ನೀನೂ ಕೇಳಿಸ್ಕೊಂಡಿದ್ದೆ ತಾನೇ? ದೊಡ್ಡವಳಾದ ಮೇಲೆ ನೀನೇ ಹೋಗಿ ಮಾಡಿಸ್ಕೋಬೇಕಿತ್ತು. ಎಲ್ಲಾ ನನ್ನ ತಲೆಗೇ ಕಟ್ಟಬೇಡ. ಮತ್ತೆ ಇದನ್ನ ಮರಿ ಹತ್ರ ಹೇಳೋಕೆ ಹೋಗ್ಬೇಡ, ಪಾಪ, ಅವನ ಎದೆ ತಡ್ಕೊಳ್ಳಲ್ಲ."

ಎರಡು ದಿನದ ಮೇಲೆ ಸರ್ಜನ್ ಬಂದು ಕೂತು ಬಿಡಿಸಿ ಹೇಳಿದರು. ಲೋಹದ ಬಾಗಿಲು ಹಾಕಿದರೆ ಸವೆಯುವುದಿಲ್ಲ, ಆದರೆ ಬದುಕಿರುವ ತನಕ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ಆ ಮಾತ್ರೆಯಲ್ಲಿ ಬಸಿರಾಗುವುದು ತಾಯಿಗೂ ಮಗುವಿಗೂ ಅಪಾಯ. ಪ್ರಾಣಿಯ ಅಂಗಾಂಶದ್ದಾದರೆ ಮಾತ್ರೆಯ ಕಾಟ ಅಷ್ಟಿಲ್ಲ, ಆದರೆ ಹತ್ತು ಹದಿನೈದು ವರ್ಷಕ್ಕೆ ಮತ್ತೆ ಆಪರೇಷನ್.

"ಮಕ್ಕಳು ಬೇಕು ಅನ್ನೋ ಆಸೆ ಇದ್ರೆ ಎರಡನೇದು ಒಳ್ಳೇದು. ಯೋಚನೆ ಮಾಡಿ ಹೇಳಿ."

"ಯೋಚನೆ ಏನು ಬಂತು," ಅಂದಳು ಅಮ್ಮ. "ಇವಳಿಗೆಲ್ಲಿ ಮದುವೆ, ಎಲ್ಲಿ ಮಕ್ಕಳು. ಲೋಹದ್ದೇ ಹಾಕಿಬಿಡಿ. ಪದೇ ಪದೇ ಆಸ್ಪತ್ರೆಗೆ ಓಡಾಡೋರ್ಯಾರು?"

ಸರ್ಜನ್ ಅಮ್ಮನ ಕಡೆ ನೋಡಲಿಲ್ಲ. "ನಾನು ಇವರನ್ನ ಕೇಳಿದ್ದು."

ಗುಂಡು ಅಮ್ಮನ ಮುಖ ನೋಡಿದಳು. ಹೂಂ ಅಂದಳು. ಯಾವುದಕ್ಕೆ ಹೂಂ ಎಂದು ಸರ್ಜನ್ ಮತ್ತೆ ಕೇಳಬೇಕಾಯಿತು. ಲೋಹದ್ದು ಅಂದಳು.

ಆಪರೇಷನ್ನಿನ ದಿನ ಹೊರಗೆ ಕಾದವಳು ಮಡಚುವ ಅಕ್ಕ. ಮರಿಗೆ ಆಸ್ಪತ್ರೆ ವಾಸನೆ ಆಗುವುದಿಲ್ಲ. ಹಿಂದಿನ ವರ್ಷ ಅವನಿಗೆ ಮದುವೆಯಾಗಿತ್ತು; ಹೆಂಡತಿ ತವರಿಗೆ ಹೋಗಿದ್ದಳು, ಅವನಿಗೆ ಊಟಕ್ಕಿಡುವವರಿಲ್ಲ ಎಂದು ಅಮ್ಮ ಮಧ್ಯಾಹ್ನವೇ ಹೊರಟಳು.

ಹದಿನೈದು ದಿನದ ಮೇಲೆ ಗುಂಡು ಮನೆಗೆ ಬಂದಳು. ಎದೆಯ ನಡುವೆ ಗೇಣುದ್ದದ ಹೊಲಿಗೆ, ಒಳಗೆ ಸಣ್ಣಗೆ ಟಿಕ್ ಟಿಕ್. ಸುತ್ತ ಸದ್ದಿಲ್ಲದಾಗ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಎರಡೇ ದಿನಕ್ಕೆ ಮರಿ ಮುಖ ಊದಿಸಿಕೊಂಡ. "ಅಮ್ಮ, ಇವಳ ಎದೆ ಗಡಿಯಾರದ ಥರ ಹೊಡ್ಕೊಳ್ಳುತ್ತೆ. ಹಾಲ್‌ನಲ್ಲಿ ಕೂತು ಟೀವಿ ನೋಡೋಕಾಗಲ್ಲ." ಅಮ್ಮ ಅವಳ ಹಾಸಿಗೆಯನ್ನು ಅಡುಗೆಮನೆಗೆ ಎಳೆದುಹಾಕಿದಳು.

ಮರಿಯ ಹೆಂಡತಿ ಪುಟಾಣಿ ಮಕ್ಕಳ ಶಾಲೆಯ ಟೀಚರು, ಮೆದು ಮಾತಿನವಳು. ಆ ಮನೆಯಲ್ಲಿ ಗುಂಡುವನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅವಳೊಬ್ಬಳೇ. ಗಂಡನ ಎದೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ತೊಡೆಯಲ್ಲಿ ಸೂಜಿ ಚುಚ್ಚಿದಷ್ಟು ಗುರುತೂ ಇಲ್ಲ, ಹೇಳುವ ಗರಜೇನು ಎಂದು ಅಮ್ಮ ಮಗ ಮದುವೆಗೆ ಮುಂಚೆ ಫೈಲು ಅಟ್ಟಕ್ಕೆ ಹಾಕಿದ್ದರು. ವರ್ಷದ ತಪಾಸಣೆಯೂ ಅಲ್ಲಿಗೇ ನಿಂತಿತ್ತು. ಗುಂಡುವಿನ ಹೃದಯ ಲಾಂಡ್ರಿಯ ಆವಿಗೆ ಕೆಟ್ಟಿತೆಂದು ಸೊಸೆಗೆ ಹೇಳಿದ್ದಾಯಿತು.

ಆ ವರ್ಷವೇ ಸೊಸೆ ಬಸುರಿಯಾದಳು. ಐದು ತಿಂಗಳು ತುಂಬಿದಾಗ ಗುಂಡು ತನ್ನ ತಪಾಸಣೆಗೆ ಹೋಗಿದ್ದಳು. ಮನೆ ಕಡೆ ಹೇಗಿದ್ದಾರೆಂದು ಕೇಳಿದ ಡಾಕ್ಟರು ಸುದ್ದಿ ಕೇಳಿ ಪೆನ್ನು ಕೆಳಗಿಟ್ಟರು. "ತಂದೆಗೆ ಇದೆ, ಸೋದರತ್ತೆಗೆ ಇದೆ. ಮಗುವಿನ ಹೃದಯ ಹೊಟ್ಟೆಯಲ್ಲಿದ್ದಾಗಲೇ ನೋಡಬಹುದು. ಅವರಿಗೆ ಈ ವಾರವೇ ಬರೋಕೆ ಹೇಳಿ."

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಬಾಗಿಲು ಹಾಕಿ ಬಂದಳು.

"ಬಾಯಿ ಬಿಟ್ಟರೆ ನೋಡು. ಅವಳ ತವರಿಗೆ ಗೊತ್ತಾದ್ರೆ ಮರಿ ಸಂಸಾರ ಏನಾಗುತ್ತೆ? ನಿನ್ನದಂತೂ ಆಗಲಿಲ್ಲ, ಅವನದೂ ಹಾಳಾಗ್ಲಿ ಅಂತನಾ?"

ಗುಂಡು ಬಾಯಿಗೆ ಬೀಗ ಹಾಕಿಕೊಂಡಳು. ಅಮ್ಮನ ಹೆದರಿಕೆಗೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅಷ್ಟೇ ಆಗಿರಲಿಲ್ಲ. ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಅಮ್ಮ ಮುಗುಳ್ನಗುವಾಗ, ಮರಿ ಮಗುವಿಗೆ ಆಟದ ಸಾಮಾನು ತಂದು ಜೋಡಿಸುವಾಗ, ಅಡುಗೆಮನೆಯ ಹಾಸಿಗೆಯಲ್ಲಿ ಕೂತು ಅವಳು ಅಂದುಕೊಂಡಳು: ಹುಟ್ಟಲಿ. ಇವರಿಗೂ ಗೊತ್ತಾಗಲಿ. ಹಾಗೆ ಅಂದುಕೊಂಡಾಗ ಒಂದು ಥರದ ತಣ್ಣನೆಯ ಸುಖವಿತ್ತು. ದಿನಾ ಸ್ವಲ್ಪ ಸ್ವಲ್ಪ ಆ ಸುಖ ಉಂಡಳು.

ಹೆಣ್ಣು ಮಗು ಹುಟ್ಟಿತು. ಹುಟ್ಟಿದಾಗ ಕೆಂಪಗೆ ಚೆನ್ನಾಗಿತ್ತು, ಆಸ್ಪತ್ರೆಯವರು ಮೂರನೇ ದಿನ ಮನೆಗೆ ಕಳಿಸಿದರು. ತಿಂಗಳಾಗುವ ಹೊತ್ತಿಗೆ ಹಾಲು ಕುಡಿಯುತ್ತ ಕುಡಿಯುತ್ತ ಬಾಯಿ ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು. ತೂಕ ಏರಲಿಲ್ಲ. ಒಂದು ಬೆಳಿಗ್ಗೆ ಸೊಸೆ ಅಡುಗೆಮನೆಯ ಬಾಗಿಲಲ್ಲಿ ಕೂತು ಹಾಲು ಕೊಡುತ್ತಿದ್ದಳು. ಗುಂಡು ಪಾತ್ರೆ ಒರೆಸುತ್ತಿದ್ದವಳು ಕಣ್ಣೆತ್ತಿದಳು. ಚಳಿ ಬಿದ್ದ ದಿನ. ಮಗುವಿನ ಹಣೆಯ ಮೇಲೆ ಸಾಲಾಗಿ ಬೆವರ ಹನಿ. ಪಕ್ಕೆಲುಬಿನ ಸಂದು ಒಳಗೆ ಹೊರಗೆ ಎಳೆಯುತ್ತಿತ್ತು. ತಳ್ಳುಗಾಡಿಯ ಏರು ಹತ್ತುವಾಗ ತನ್ನ ಎದೆ ಎಳೆಯುತ್ತಿದ್ದ ಹಾಗೆಯೇ. ಹಾಲು ಕುಡಿಯುವುದೇ ಆ ಕೂಸಿಗೆ ಏರಾಗಿತ್ತು.

ತಣ್ಣನೆಯ ಸುಖ ಎಲ್ಲಿ ಹೋಯಿತೋ. ಕೈಯ ಪಾತ್ರೆ ಕೆಳಗಿಟ್ಟು ಅವಳು ಒಂದೇ ಉಸಿರಿಗೆ ಹೇಳಿದಳು. ಮರಿಯದು, ತನ್ನದು, ಬಹುಶಃ ಅಪ್ಪನದು. ಹಾಲ್‌ನಿಂದ ಅಮ್ಮ ಓಡಿ ಬಂದಳು. "ಇವಳ ಮಾತು ನಂಬಬೇಡ ಕಣಮ್ಮ, ಇವಳಿಗೆ ಹೊಟ್ಟೆ ಉರಿ." ಸೊಸೆ ಅತ್ತೆಯ ಮುಖ ಒಂದು ಸಲ ನೋಡಿದಳು, ಅಷ್ಟು ಸಾಕಾಯಿತು. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಚಪ್ಪಲಿ ಸಹ ಮೆಟ್ಟದೆ ಹೊರಟಳು. ಗುಂಡು ಹಿಂದೆಯೇ ಹೋಗಿ ಆಟೋ ನಿಲ್ಲಿಸಿದಳು.

ಎರಡು ತಿಂಗಳೂ ತುಂಬದ ಕೂಸಿನ ತೊಡೆಯಿಂದ ದಾರದಷ್ಟು ತೆಳು ಕೊಳವೆ ಬಿಟ್ಟು ಬಾಗಿಲು ಅಗಲ ಮಾಡಿದರು. ಜೀವ ಉಳಿಯಿತು. ಆದರೆ ಹೃದಯ ದಣಿದುಹೋಗಿದೆ, ಸುಧಾರಿಸಿಕೊಳ್ಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದರು ಡಾಕ್ಟರು. ಮೊದಲೇ ಗೊತ್ತಿದ್ದರೆ ಹುಟ್ಟಿದ ವಾರವೇ ಮಾಡಬಹುದಿತ್ತು ಎಂದೂ ಅಂದರು.

ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೇ ಇದ್ದರು.

"ನಿಮಗೆ ಯಾವಾಗಿಂದ ಗೊತ್ತಿತ್ತು ಅತ್ತಿಗೆ?" ಸೊಸೆ ಕೇಳಿದಳು.

ಈ ಬೆಳಿಗ್ಗೆಯಷ್ಟೇ ಹೊಳೆಯಿತು ಅನ್ನಬಹುದಿತ್ತು. ನಂಬುತ್ತಿದ್ದಳು.

"ನಿನಗೆ ಐದು ತಿಂಗಳಾಗಿದ್ದಾಗಿಂದ."

ಬೆಂಚಿನ ಮೇಲೆ ಟಿಕ್ ಟಿಕ್ ಒಂದೇ ಕೇಳುತ್ತಿತ್ತು. "ಅವರಾದ್ರೂ ಹೆದರಿ ಮುಚ್ಚಿಟ್ಟರು," ಅಂದಳು ಸೊಸೆ ಕೊನೆಗೆ. "ಇದು ಹೇಗಿರುತ್ತೆ ಅಂತ ಗೊತ್ತಿದ್ದೋರು ನೀವೊಬ್ಬರೇ." ಅತ್ತಿಗೆ ಎಂದು ಅವಳು ಕರೆದದ್ದು ಅದೇ ಕೊನೆ. ಮಗುವಿನೊಂದಿಗೆ ಆಸ್ಪತ್ರೆಯಿಂದ ನೇರ ತವರಿಗೆ ಹೋದಳು.

ಮರಿ ಆ ಸಂಜೆ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದ. ಭಾರದ್ದನ್ನೂ ಎತ್ತಿ ಎಸೆದ. ಅಮ್ಮ ನೆರೆಹೊರೆಗೆಲ್ಲ ಮಗಳ ದೃಷ್ಟಿ ತಾಗಿ ಮೊಮ್ಮಗಳಿಗೆ ಹೀಗಾಯಿತೆಂದು ಉಪ್ಪುಕಾರ ಹಚ್ಚಿ ಹೇಳಿದಳು. ಗುಂಡು ಮಾತ್ರೆ, ಎರಡು ಸೀರೆ, ತನ್ನ ಫೈಲು ತೆಗೆದುಕೊಂಡು ಮಡಚುವ ಅಕ್ಕನ ಮನೆಯ ಹೊರಕೋಣೆಗೆ ಹೋದಳು. ತಡೆಯುವವರಿರಲಿಲ್ಲ. ಲಾಂಡ್ರಿಯಲ್ಲಿ ಈಗ ಅವಳಿಗೆ ಹರಿದ ಬೆಡ್‌ಶೀಟು ಹೊಲಿಯುವ ಕೆಲಸ. ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಬಿಳಿ ಬಟ್ಟೆಗೆ ಕಲೆಯಾಗುತ್ತದೆ. ಅದಕ್ಕೆ ಬೈಗುಳ ಬೇರೆ.

ಮಗುವಿಗೆ ಎರಡು ವರ್ಷವಾದ ಮೇಲೆ ಒಮ್ಮೆ ತಪಾಸಣೆಯ ದಿನ ಆಸ್ಪತ್ರೆಯ ಹಾಲ್‌ನಲ್ಲಿ ಅವರನ್ನು ಕಂಡಳು. ಮಗು ಸಾಲುಕುರ್ಚಿಗಳ ನಡುವೆ ನಡೆಯುತ್ತಿತ್ತು. ಹತ್ತು ಹೆಜ್ಜೆಗೆ ನಿಲ್ಲುವುದು, ಬಾಯಿ ತೆರೆದು ಉಸಿರೆಳೆದುಕೊಳ್ಳುವುದು, ಮತ್ತೆ ಹತ್ತು ಹೆಜ್ಜೆ. ನಡೆಯುತ್ತ ನಡೆಯುತ್ತ ಗುಂಡುವಿನ ಮೊಣಕಾಲಿನ ತನಕ ಬಂದು ಮುಖವೆತ್ತಿ ನೋಡಿತು. ಎರಡನೇ ಸಾಲಿನಿಂದ ಅದರ ತಾಯಿ ಎದ್ದು ಬಂದಳು, ಮಗುವನ್ನು ಎತ್ತಿಕೊಂಡಳು, ಹಾಲ್‌ನ ಆ ತುದಿಗೆ ಹೋಗಿ ಬೆನ್ನು ಹಾಕಿ ಕೂತಳು. ಗುಂಡು ತನ್ನ ಟೋಕನ್ ನೋಡಿಕೊಂಡಳು. ಅವಳಿಗಿಂತ ಮುಂದೆ ಇನ್ನೂ ಹನ್ನೊಂದು ಮಂದಿ ಇದ್ದರು.